ಬಂದೂಕಿನ ಒದೆತ ಮತ್ತು ಗುಂಡಿನ ಗಾತ್ರ



1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಗುಂಡೇಟಿಗೆ ಬಲಿಯಾದದ್ದನ್ನು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಗುಂಡು ಹಾರಿಸಿದವನು ಅಮಟೂರು ಬಾಳಪ್ಪ. ಅವನ ಗುರಿಯನ್ನು ನಾವು ಇಂದಿಗೂ ಕೊಂಡಾಡುತ್ತೇವೆ. ಆದರೆ ಆ ಕಾಲದ ಬಂದೂಕು ಹಾರಿಸಿದವನ ಭುಜದ ಗತಿ ಏನಾಗುತ್ತಿತ್ತು ಎಂದು ಕೇಳುವವರು ಕಡಿಮೆ. ಬೇಟೆಯ ಬಂದೂಕಿನ ಇತಿಹಾಸ ಅರ್ಥವಾಗಬೇಕಾದರೆ ಈ ಪ್ರಶ್ನೆಯಿಂದಲೇ ಆರಂಭಿಸಬೇಕು.

ನ್ಯೂಟನ್ನನ ಮೂರನೆಯ ನಿಯಮ ನಿಮಗೆ ಗೊತ್ತು. ಗುಂಡು ಮುಂದಕ್ಕೆ ಹಾರಿದರೆ ಬಂದೂಕು ಹಿಂದಕ್ಕೆ ಒದೆಯುತ್ತದೆ. ಕಂಪನಿಯ ಸಿಪಾಯಿಗಳ ಕೈಯಲ್ಲಿದ್ದ ‘ಬ್ರೌನ್ ಬೆಸ್’ ಬಂದೂಕಿನ ನಳಿಗೆಯ ಬಾಯಿ ಮುಕ್ಕಾಲು ಇಂಚು, ಅದರ ಸೀಸದ ಗುಂಡು ಸುಮಾರು 32 ಗ್ರಾಂ, ಬಂದೂಕಿನ ತೂಕ ಸುಮಾರು ನಾಲ್ಕೂವರೆ ಕಿಲೋ. ಗುಂಡಿನ ವೇಗ ಸೆಕೆಂಡಿಗೆ 450 ಮೀಟರ್ ಎಂದಿಟ್ಟುಕೊಂಡು ಲೆಕ್ಕ ಹಾಕಿ: ಬಂದೂಕು ಸೆಕೆಂಡಿಗೆ 3 ಮೀಟರಿಗೂ ಮಿಕ್ಕ ವೇಗದಲ್ಲಿ ಭುಜಕ್ಕೆ ಬಡಿಯುತ್ತದೆ. ಮದ್ದಿನ ಹೊಗೆಯ ಒತ್ತಡ ಸೇರಿದರೆ ಇನ್ನೂ ಹೆಚ್ಚು.

ಇಷ್ಟು ದಪ್ಪ ಗುಂಡು ಏಕೆ ಬೇಕಿತ್ತು? ಕಪ್ಪು ಮದ್ದಿಗೆ ಗುಂಡನ್ನು ಒಂದು ಮಿತಿಗಿಂತ ವೇಗವಾಗಿ ತಳ್ಳುವ ಶಕ್ತಿ ಇರಲಿಲ್ಲ. ಪೆಟ್ಟು ಜೋರಾಗಬೇಕಾದರೆ ಗುಂಡಿನ ತೂಕ ಹೆಚ್ಚಿಸುವುದೊಂದೇ ದಾರಿ. ಗುಂಡು ಭಾರವಾದರೆ ಒದೆತವೂ ಭಾರ. ಒದೆತ ತಗ್ಗಿಸಲು ಬಂದೂಕನ್ನೇ ಭಾರ ಮಾಡಬೇಕು, ಆಗ ಅದನ್ನು ಹೊತ್ತು ಗುಡ್ಡ ಹತ್ತುವವರು ಯಾರು?

ಈಗ ನಮ್ಮ ಸೀಮೆಯನ್ನು ನೋಡಿ. ಕಿತ್ತೂರಿನಿಂದ ಪಶ್ಚಿಮಕ್ಕೆ ಹೊರಟರೆ ಮಲೆನಾಡಿನ ಸೆರಗು; ಅಲ್ಲಿ ಕಾಡುಹಂದಿ, ಹುಲಿ, ಮುಂದೆ ಖಾನಾಪುರದ ಅಡವಿಯಲ್ಲಿ ಒಂದು ಟನ್ನಿನವರೆಗೂ ತೂಗಬಲ್ಲ ಕಾಡುಕೋಣ. ಬೈಲಹೊಂಗಲ ದಾಟಿ ಸವದತ್ತಿ, ರಾಮದುರ್ಗಗಳ ಕಡೆ ಪೂರ್ವಕ್ಕೆ ಬಂದರೆ ಎರೆಭೂಮಿಯ ಬಯಲು ಮತ್ತು ಕುರುಚಲು ಗುಡ್ಡ. ಆ ಬಯಲಿನ ಬೇಟೆ ಎಂದರೆ ನಲವತ್ತು ಕಿಲೋ ಆಸುಪಾಸಿನ ಚಿಗರಿ. ಚಿಗರಿಗೆ ದೂರದ ಗುರಿ ಬೇಕು, ದೊಡ್ಡ ಗುಂಡು ಬೇಡ. ಕಾಡುಕೋಣಕ್ಕೆ ಚರ್ಮ, ಮಾಂಸ, ಎಲುಬು ಸೀಳಿ ಒಳಹೋಗುವ ಗುಂಡು ಬೇಕು. ಒಂದು ದಿನದ ದಾರಿಯ ಅಂತರದಲ್ಲಿ ಎರಡು ಬಗೆಯ ಬಂದೂಕು!

ಬಡ ಬೇಟೆಗಾರನಿಗೆ ಎರಡು ಬಂದೂಕು ಎಲ್ಲಿಂದ ಬರಬೇಕು? ಅವನ ಬಾಯಿಮದ್ದಿನ ಬಂದೂಕಿಗೆ ಒಂದು ಅನುಕೂಲವಿತ್ತು. ಮದ್ದನ್ನೂ ಗುಂಡನ್ನೂ ನಳಿಗೆಯ ಬಾಯಿಂದಲೇ ಅಳೆದು ತುಂಬಬೇಕಾದ್ದರಿಂದ, ಮೊಲಕ್ಕೆ ಚಿಟಿಕೆ ಮದ್ದು ಹಾಗೂ ಚರೆ, ಹಂದಿಗೆ ಹೆಚ್ಚು ಮದ್ದು ಹಾಗೂ ಒಂಟಿ ಗುಂಡು ಎಂದು ಅವನೇ ತೀರ್ಮಾನಿಸುತ್ತಿದ್ದ. ಆಸೆಗೆ ಬಿದ್ದು ಮದ್ದು ಮಿಕ್ಕರೆ ಭುಜವೇ ಎಚ್ಚರಿಸುತ್ತಿತ್ತು. ಎಚ್ಚರಿಕೆ ಕೇಳದಿದ್ದರೆ ನಳಿಗೆ ಸಿಡಿಯುವ ಅಪಾಯವಿತ್ತು. ನನಗಂತೂ ಇದು ಪುಸ್ತಕದ ಭೌತಶಾಸ್ತ್ರಕ್ಕೆ ಏನೂ ಕಡಿಮೆಯಲ್ಲದ ವಿದ್ಯೆ ಅನ್ನಿಸುತ್ತದೆ.

ಥ್ಯಾಕರೆ ಸತ್ತ ದಿನ ಕಿತ್ತೂರಿನಲ್ಲಿ ಸೆರೆಸಿಕ್ಕ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಎಂಬ ತರುಣನೂ ಇದ್ದ. ಮುಂದೆ ಕನ್ನಡ ಶಾಸನಗಳನ್ನು ಸಂಗ್ರಹಿಸಿದವನು ಇವನೇ. ಬೇಟೆಯ ಹುಚ್ಚೂ ಇತ್ತು. 1839ರಲ್ಲಿ ಈ ಸೀಮೆಯ ಸಸ್ತನಿಗಳ ಪಟ್ಟಿಯೊಂದನ್ನು ಮದರಾಸಿನ ಪತ್ರಿಕೆಯಲ್ಲಿ ಪ್ರಕಟಿಸಿ, ಪ್ರಾಣಿಗಳ ಸ್ಥಳೀಯ ಹೆಸರುಗಳನ್ನೂ ದಾಖಲಿಸಿದ.

ಸ್ಥಳೀಯರ ಕೈಯ ಬಂದೂಕಿನ ಕಥೆ ಬೇರೆ ದಾರಿ ಹಿಡಿಯಿತು. 1857ರಲ್ಲಿ ಸರ್ಕಾರ ಆಯುಧಗಳನ್ನು ಒಪ್ಪಿಸಲು ಆಜ್ಞೆ ಮಾಡಿದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಬದುಕಾಗಿದ್ದವರಿಗೆ ಬಂದೂಕು ಕೊಟ್ಟರೆ ಉಳಿಯುವುದೇನು? ಊರನ್ನು ಸುಟ್ಟು, ಸೆರೆಸಿಕ್ಕವರನ್ನು ಗಲ್ಲಿಗೇರಿಸಲಾಯಿತು. ಮರುವರ್ಷ ಮೇ ತಿಂಗಳಲ್ಲಿ, ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ, ನರಗುಂದದ ಬಾಬಾಸಾಹೇಬನ ಕಡೆಯವರು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನನ್ನು ಕೊಂದರು. 1878ರ ಶಸ್ತ್ರ ಕಾಯಿದೆಯ ಪ್ರಕಾರ ಭಾರತೀಯನಿಗೆ ಬಂದೂಕಿಗೆ ಲೈಸೆನ್ಸ್ ಬೇಕು, ಯುರೋಪಿಯನ್ನರಿಗೆ ವಿನಾಯಿತಿ. ಅಂದಿನಿಂದ ಪ್ರಾಣಿಗೆ ತಕ್ಕ ಗುಂಡು, ಭುಜಕ್ಕೆ ತಕ್ಕ ಬಂದೂಕು ಎಂದು ಆರಿಸುವ ಭಾಗ್ಯ ಬಹುಮಟ್ಟಿಗೆ ಸಾಹೇಬರದಾಯಿತು, ಸಂಸ್ಥಾನಿಕರದಾಯಿತು.

ಆ ಸಾಹೇಬರಲ್ಲಿ ಮೈಸೂರು ಸೀಮೆಯಲ್ಲಿ ಆನೆ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ ಒಬ್ಬ. ಅವನು ಬಳಸಿದ್ದು 8 ಬೋರಿನ ಜೋಡುನಳಿಗೆ ರೈಫಲ್. ಬೋರ್ ಎಂದರೆ ಒಂದು ಪೌಂಡ್ ಸೀಸದಲ್ಲಿ ಆ ನಳಿಗೆಗೆ ಸರಿಹೊಂದುವ ಎಷ್ಟು ಉರುಟು ಗುಂಡುಗಳಾಗುತ್ತವೆ ಎಂಬ ಲೆಕ್ಕ. ಹಾಗಾಗಿ ಸಂಖ್ಯೆ ಚಿಕ್ಕದಾದಷ್ಟೂ ಗುಂಡು ದೊಡ್ಡದು: 12 ಬೋರಿನದು 38 ಗ್ರಾಂ, 8 ಬೋರಿನದು 57 ಗ್ರಾಂ. ಇಂಥ ಬಂದೂಕು ಆರೇಳು ಕಿಲೋ ತೂಗಲೇಬೇಕು, ಇಲ್ಲವಾದರೆ ಒದೆತಕ್ಕೆ ಮನುಷ್ಯ ನಿಲ್ಲಲಾರ. ಅದನ್ನು ಹೊತ್ತು ನಡೆಯುತ್ತಿದ್ದವರು ಸಾಹೇಬರಲ್ಲ, ನಮ್ಮವರು.

ಇದರಿಂದ ಪಾರು ಮಾಡಿದ್ದು 1880ರ ದಶಕದಲ್ಲಿ ಫ್ರಾನ್ಸಿನಲ್ಲಿ ಬಂದ ಹೊಗೆಯಿಲ್ಲದ ಮದ್ದು. ಇಲ್ಲಿ ಒಂದು ಸೊಗಸಾದ ಲೆಕ್ಕವಿದೆ. ಒದೆತ ನಿಂತಿರುವುದು ಸಂವೇಗದ ಮೇಲೆ, ಅಂದರೆ ತೂಕ ಗುಣಿಸು ವೇಗ. ಗುಂಡು ಹೊತ್ತೊಯ್ಯುವ ಚಲನಶಕ್ತಿ ನಿಂತಿರುವುದು ವೇಗದ ವರ್ಗದ ಮೇಲೆ. ಜಿಮ್ ಕಾರ್ಬೆಟ್ ಬಳಸಿದ .275 ರಿಗ್ಬಿ ರೈಫಲ್ಲಿಗೆ 9 ಗ್ರಾಂ ಗುಂಡು, ಸೆಕೆಂಡಿಗೆ 820 ಮೀಟರ್ ವೇಗ ಎಂದು ಹಿಡಿಯಿರಿ. ಅದರ ಚಲನಶಕ್ತಿ ಸುಮಾರು 3,000 ಜೂಲ್. ಕಿತ್ತೂರು ಕಾಲದ ಆ 32 ಗ್ರಾಂ ಗುಂಡಿನದು ಸುಮಾರು 3,200. ಹೆಚ್ಚುಕಡಿಮೆ ಸಮ. ಆದರೆ ಸಂವೇಗ ಅರ್ಧಕ್ಕೆ ಅರ್ಧ. ಕಾಗದದ ಮೇಲೆ ನೀವೇ ಮಾಡಿ ನೋಡಿ.

ಇಷ್ಟಾದರೂ ದೊಡ್ಡ ಗುಂಡಿನ ಮೋಹ ಹೋಗಲಿಲ್ಲ, ಪೂರ್ತಿ ಹೋಗುವಂತೆಯೂ ಇರಲಿಲ್ಲ. ಬೆಂಗಳೂರಿನ ಕೆನೆತ್ ಆಂಡರ್ಸನ್ ನೆಚ್ಚಿದ್ದು .405 ವಿಂಚೆಸ್ಟರ್. ಅದರ 19 ಗ್ರಾಂ ಗುಂಡಿನ ಸಂವೇಗ ಹಳೆಯ ಬ್ರೌನ್ ಬೆಸ್ಸಿನದಕ್ಕೆ ಹತ್ತಿರ. ಬಂದೂಕು ಅದಕ್ಕಿಂತ ಹಗುರ, ಭುಜಕ್ಕೆ ಆನುವ ಮರದ ಬುಡ ಕಿರಿದು. ಕಿರಿದಾದ ಬುಡ ಅದೇ ಒದೆತವನ್ನು ಸಣ್ಣ ಜಾಗದಲ್ಲಿ ಇಳಿಸುತ್ತದೆ. ಅದನ್ನು ಎಲ್ಲರೂ ತಾಳಲಾರರು. ಒದೆತಕ್ಕೆ ಹೆದರಿದವನು ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ, ಭುಜ ಹಿಂದಕ್ಕೆ ಸೆಳೆಯುತ್ತಾನೆ, ನಳಿಗೆ ಅಲುಗುತ್ತದೆ. ಎದೆಗೆ ತಗುಲಬೇಕಾದ ಗುಂಡು ಹೊಟ್ಟೆಗೋ ಕಾಲಿಗೋ ತಗುಲುತ್ತದೆ. ಹಾಗೆ ಗಾಯಗೊಂಡ ಪ್ರಾಣಿ ದಿನಗಟ್ಟಲೆ ನರಳಿ ಸಾಯುತ್ತದೆ. ಹುಲಿ ಚಿರತೆಗಳಾದರೆ ಕೆಲವೊಮ್ಮೆ ನರಭಕ್ಷಕವಾಗುತ್ತವೆ. ಕಾರ್ಬೆಟ್ ಕೊಂದ ನರಭಕ್ಷಕಗಳಲ್ಲಿ ಹಲವಕ್ಕೆ ಹಳೆಯ ಗುಂಡೇಟಿನ ಗಾಯಗಳಿದ್ದವು. ತನಗಿಂತ ದೊಡ್ಡ ಬಂದೂಕು ಹಿಡಿದವನ ಬೆಲೆಯನ್ನು ಎಷ್ಟೋ ಸಲ ಬೇರೆ ಯಾರೋ ತೆತ್ತಿದ್ದಾರೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಮೋಜಿನ ಬೇಟೆ ನಮ್ಮಲ್ಲಿ ನಿಂತುಹೋಯಿತು. ಚಿಗರಿ ಆ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿತು. 1974ರಲ್ಲಿ ರಾಣೆಬೆನ್ನೂರಿನಲ್ಲಿ ಅದಕ್ಕೆಂದೇ ಅಭಯಾರಣ್ಯ ಘೋಷಣೆಯಾಯಿತು.