ಹಬ್ಬಗಳ ದಿನ ನಿರ್ಣಯ

ಅನೇಕ ಧರ್ಮಗಳ ಹಬ್ಬಗಳು ಪ್ರತಿವರ್ಷ ಒಂದೇ ತಾರೀಖಿಗೆ ಬಾರದಿರಲು ಚಂದ್ರನ ಗತಿಯೇ ಮುಖ್ಯ ಕಾರಣ. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ. ಸೌರವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಇಸ್ಲಾಮಿನ ಹಿಜರಿ ಪಂಚಾಂಗ ಈ ಕೊರತೆಯನ್ನು ತುಂಬಿಕೊಳ್ಳುವುದಿಲ್ಲ. ಹಾಗಾಗಿ ರಂಜಾನ್ ಉಪವಾಸ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಬೇಸಿಗೆಯ ದೀರ್ಘ ಹಗಲಿನ ಕಷ್ಟ ಯಾವ ನಾಡಿನವರಿಗೂ ಶಾಶ್ವತವಾಗಿ ಅಂಟಿಕೊಳ್ಳದಿರುವುದು ಈ ವ್ಯವಸ್ಥೆಯ ದೊಡ್ಡ ಗುಣ. ಯಹೂದ್ಯರು 19 ವರ್ಷಗಳಲ್ಲಿ ಏಳು ಅಧಿಕಮಾಸ ಸೇರಿಸಿ ಪಸ್ಕ ಹಬ್ಬವನ್ನು ವಸಂತದಲ್ಲೇ ಉಳಿಸಿಕೊಳ್ಳುತ್ತಾರೆ. ಯುಗಾದಿ ಮಾರ್ಚ್–ಏಪ್ರಿಲ್ ದಾಟದಂತೆ ಕಾಯುವ ನಮ್ಮ ಅಧಿಕಮಾಸವೂ ಇದೇ ಬಗೆಯದು.

ಈಸ್ಟರಿನ ಲೆಕ್ಕ ಹೆಚ್ಚು ತೊಡಕಿನದು. ಮಾರ್ಚ್ 21ರಂದು ಅಥವಾ ಅನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರವೇ ಈಸ್ಟರ್. ಈ ಹುಣ್ಣಿಮೆ ಆಕಾಶ ನೋಡಿ ಹೇಳುವುದಲ್ಲ, ಚರ್ಚಿನ ಕೋಷ್ಟಕದಿಂದ ಎಣಿಸುವಂಥದು. ಎಲ್ಲ ಕ್ರೈಸ್ತರೂ ಒಂದೇ ದಿನ ಆಚರಿಸಬೇಕೆಂದು 325ರ ನೈಸಿಯಾ ಪರಿಷತ್ತು ಬಯಸಿತ್ತು. 1582ರಲ್ಲಿ ಗ್ರೆಗೋರಿಯನ್ ಪಂಚಾಂಗ ಬಂದ ಮೇಲೂ ಬಹುಪಾಲು ಆರ್ಥೊಡಾಕ್ಸ್ ಚರ್ಚುಗಳು ಈಸ್ಟರಿಗೆ ಹಳೆಯ ಜೂಲಿಯನ್ ಲೆಕ್ಕವನ್ನೇ ಉಳಿಸಿಕೊಂಡವು. ಎರಡೂ ಈಸ್ಟರ್‌ಗಳು ಕೂಡಿಬರುವುದು ಕೆಲವು ವರ್ಷಗಳಲ್ಲಿ ಮಾತ್ರ. 2025ರಲ್ಲಿ ಎರಡೂ ಏಪ್ರಿಲ್ 20ಕ್ಕೆ ಬಿದ್ದವು.