ದಾಂಪತ್ಯದ ವೈದ್ಯ: ಡಾ. ಜ್ಯಾಕ್ ಡೊಮಿನಿಯನ್

ಶತಮಾನ ಕಂಡ ದೇವಾಲಯದ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ಕೈಗೆ ಸಿಗುವುವು ದಾಖಲೆ ಪುಸ್ತಕಗಳು. ವಿವಾಹದ ಪುಸ್ತಕದಲ್ಲಿ ವಧೂವರರ ಹೆಸರುಗಳಿರುತ್ತವೆ, ಸಾಕ್ಷಿಗಳ ಸಹಿಗಳಿರುತ್ತವೆ. ಆ ದಂಪತಿಗಳು ಆಮೇಲೆ ಹೇಗೆ ಬಾಳಿದರೆಂಬುದಕ್ಕೆ ಅಲ್ಲಿ ಕಲಮು ಇಲ್ಲ. ಧರ್ಮಸಭೆಯೂ ಸಂಸ್ಕಾರದ ಸಿಂಧುತ್ವವನ್ನು ವಿಚಾರಿಸಿದಷ್ಟು ಶ್ರದ್ಧೆಯಿಂದ ಸಂಸಾರದ ಸುಖದುಃಖಗಳನ್ನು ಬಹುಕಾಲ ವಿಚಾರಿಸಲಿಲ್ಲವೆಂದೇ ನಮ್ಮ ಅಭಿಪ್ರಾಯ. ಮನಸ್ತಾಪದಿಂದ ಗುರುಗಳ ಬಾಗಿಲಿಗೆ ಬಂದವರಿಗೆ ಸಹನೆಯ, ಪ್ರಾರ್ಥನೆಯ ಉಪದೇಶ ದೊರೆಯುತ್ತಿತ್ತು. ಉಪದೇಶ ತಪ್ಪಲ್ಲ, ಆದರೆ ಗಾಯವನ್ನು ನೋಡದೆ ಕೊಟ್ಟ ಔಷಧವದು. ಗಾಯವನ್ನು ನೋಡಲು ಕಲಿಸಿದವರಲ್ಲಿ ಒಬ್ಬ ಶ್ರೀಸಾಮಾನ್ಯ ಕಥೋಲಿಕ ವೈದ್ಯರನ್ನು ಈ ಸಂಚಿಕೆಯಲ್ಲಿ ಸ್ಮರಿಸಬಯಸುತ್ತೇವೆ.

ಜ್ಯಾಕ್ ಡೊಮಿನಿಯನ್ 1929ರಲ್ಲಿ ಅಥೆನ್ಸ್ ನಗರದಲ್ಲಿ ಜನಿಸಿದರು. ತಂದೆ ಅರ್ಮೇನಿಯನ್ ಮೂಲದವರು, ತಾಯಿ ಗ್ರೀಕರು. 1941ರಲ್ಲಿ ಗ್ರೀಸ್ ದೇಶವು ಜರ್ಮನ್ ಸೇನೆಯ ವಶವಾದಾಗ ಈ ಕುಟುಂಬ ನಿರಾಶ್ರಿತವಾಗಿ ಮುಂಬಯಿಗೆ ಬಂದಿತು. ಬಾಲಕನ ವಿದ್ಯಾಭ್ಯಾಸ ಅಲ್ಲಿಯ ಯೇಸುಸಭೆಯ ಸೇಂಟ್ ಮೇರೀಸ್ ಶಾಲೆಯಲ್ಲಿ ಮುಂದುವರಿಯಿತು. ನಮ್ಮ ದೇಶದ ಅನ್ನವನ್ನು ನಾಲ್ಕು ವರ್ಷ ಉಂಡವರೆಂಬ ಕಾರಣಕ್ಕೂ ಅವರು ನಮಗೆ ತೀರ ಪರಕೀಯರಲ್ಲ. 1945ರಲ್ಲಿ ಇಂಗ್ಲೆಂಡಿಗೆ ತೆರಳಿ, ಕೇಂಬ್ರಿಜ್ ಮತ್ತು ಆಕ್ಸ್‌ಫರ್ಡ್‌ಗಳಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ, 1955ರಲ್ಲಿ ವೈದ್ಯರಾದರು. ಅದೇ ವರ್ಷ ಅವರ ವಿವಾಹವೂ ನೆರವೇರಿತು.

ಅನಂತರ ಲಂಡನ್ನಿನ ಮಾಡ್‌ಸ್ಲಿ ಆಸ್ಪತ್ರೆಯಲ್ಲಿ ಮನೋವೈದ್ಯ ತರಬೇತಿ. ಖಿನ್ನತೆಯಿಂದ ಬಳಲಿ ಬಂದವರ ಮಾತಿಗೆ ಕಿವಿಗೊಟ್ಟಾಗ, ಅನೇಕರ ವ್ಯಾಧಿಯ ಬೇರು ದಾಂಪತ್ಯದಲ್ಲಿರುವುದು ಅವರಿಗೆ ತೋರಿತು. ಗುಳಿಗೆ ಕೊಟ್ಟು ಮನೆಗೆ ಕಳುಹಿಸಿದರೆ ರೋಗಿಯು ಹಿಂದಿರುಗುವುದು ರೋಗವಿದ್ದಲ್ಲಿಗೇ ಅಲ್ಲವೇ? ಇಂಗ್ಲೆಂಡಿನಲ್ಲಿ 1946ರಲ್ಲಿ ಸ್ಥಾಪಿತವಾದ ಕಥೋಲಿಕ ವಿವಾಹ ಸಲಹಾ ಮಂಡಳಿಯೊಡನೆ ದುಡಿದಾಗ ಈ ಅರಿವು ಇನ್ನಷ್ಟು ಗಟ್ಟಿಯಾಯಿತು. 1965ರಿಂದ 1988ರವರೆಗೆ ಅವರು ಸೆಂಟ್ರಲ್ ಮಿಡಲ್‌ಸೆಕ್ಸ್ ಆಸ್ಪತ್ರೆಯ ತಜ್ಞ ಮನೋವೈದ್ಯರಾಗಿದ್ದರು.

1917ರ ಧರ್ಮಸಭಾ ಕಾನೂನು ವಿವಾಹವನ್ನು ಕರಾರಿನ ಭಾಷೆಯಲ್ಲಿ ವಿವರಿಸಿ, ಸಂತಾನೋತ್ಪತ್ತಿ ಮತ್ತು ಸಂತಾನಪಾಲನೆಯನ್ನು ಅದರ ಪ್ರಥಮ ಗುರಿಯೆಂದಿತ್ತು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಪ್ರೀತಿಯ ಸಹಜೀವನವನ್ನು ಮುಂದಿರಿಸಿತು. ಆದರೆ ಪ್ರೀತಿಯೆಂಬುದು ಮನೆಯೊಳಗೆ ಹೇಗೆ ಕೆಲಸಮಾಡುತ್ತದೆ, ಹೇಗೆ ಕೆಡುತ್ತದೆ? 1967ರ 'ಕ್ರಿಶ್ಚಿಯನ್ ಮ್ಯಾರೇಜ್', 1968ರ 'ಮ್ಯಾರಿಟಲ್ ಬ್ರೇಕ್‌ಡೌನ್' ಎಂಬ ಗ್ರಂಥಗಳಲ್ಲಿ ಡೊಮಿನಿಯನ್ನರು ಕೈಗೊಂಡದ್ದು ಈ ಪ್ರಶ್ನೆಯನ್ನೇ. ಶಿಶುವು ತಾಯಿಯನ್ನು ನೆಚ್ಚಿಕೊಳ್ಳುವ ಬಗೆಯನ್ನು ಕುರಿತು ಜಾನ್ ಬೌಲ್ಬಿಯವರು ಮಂಡಿಸಿದ ಸಿದ್ಧಾಂತವು ಅವರ ವಿಚಾರಕ್ಕೆ ಆಧಾರವಾಯಿತು. ಎಳವೆಯಲ್ಲಿ ಆದರ ಕಾಣದವನು ಹೆಂಡತಿಯ ಸಣ್ಣ ಮೌನವನ್ನೂ ತಿರಸ್ಕಾರವೆಂದು ಭಾವಿಸಬಹುದು. ಸದಾ ಆಜ್ಞೆಗೆ ತಲೆಬಾಗಿ ಬೆಳೆದವಳು ಮೂವತ್ತರ ಪ್ರಾಯದಲ್ಲಿ ಸ್ವಂತ ಮನಸ್ಸನ್ನು ಕಂಡುಕೊಂಡಾಗ ಗಂಡನಿಗೆ ಅವಳ ಪರಿಚಯವೇ ತಪ್ಪಿದಂತಾಗಬಹುದು. ಇವು ಪಾಪನಿವೇದನೆಯಲ್ಲಿ ಮುಗಿಯುವ ಸಂಗತಿಗಳಲ್ಲ. ದಂಪತಿಗಳು ಪರಸ್ಪರರಿಗೆ ಆಸರೆಯಾಗಬೇಕು, ಹಳೆಯ ಗಾಯಗಳನ್ನು ಮಾಯಿಸಬೇಕು, ಬೆಳವಣಿಗೆಗೆ ಇಂಬಾಗಬೇಕು ಎಂಬ ಮೂರು ಅಂಶಗಳನ್ನು ಅವರು ಮತ್ತೆ ಮತ್ತೆ ಒತ್ತಿ ಹೇಳಿದರು.

1971ರಲ್ಲಿ, ಇಂಗ್ಲೆಂಡಿನಲ್ಲಿ ಹೊಸ ವಿಚ್ಛೇದನ ಕಾಯಿದೆ ಜಾರಿಗೆ ಬಂದ ವರ್ಷವೇ, ಅವರು ವಿವಾಹ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಮುಂದೆ 'ವನ್ ಪ್ಲಸ್ ವನ್' ಎಂದು ಹೆಸರಾದ ಈ ಸಂಸ್ಥೆಯು ಬಾಣಂತಿಯರ ಮನೆಗಳಿಗೆ ಹೋಗುವ ಆರೋಗ್ಯ ಸಂದರ್ಶಕಿಯರಿಗೂ ದಂಪತಿಗಳ ಸಂಕಟವನ್ನು ಗುರುತಿಸುವ ತರಬೇತಿಯಿತ್ತಿತು. ಸಂಸಾರ ಮುರಿದ ಮೇಲೆ ಬರುವವರಿಗಾಗಿ ಕಾಯದೆ ಮೊದಲೇ ಹೊಸ್ತಿಲಿಗೆ ಹೋಗುವ ಈ ಕ್ರಮ ನಮಗೆ ಬಹಳ ಮೆಚ್ಚುಗೆಯಾದುದು.

ನಮ್ಮ ದೇಶದಲ್ಲಿ ಇದೇ ಅರಿವು ಬೇರೊಂದು ದಾರಿಯಿಂದ ಬಂದಿತು. 1950ರ ದಶಕದಲ್ಲಿ ಡಾ. ವಿದ್ಯಾಸಾಗರರು ಅಮೃತಸರದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳೊಡನೆ ಬಂಧುಗಳನ್ನೂ ಇರಿಸಿಕೊಂಡರು. ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಡೀ ಕುಟುಂಬವನ್ನು ಸೇರಿಸಿಕೊಂಡು ಚಿಕಿತ್ಸೆ ನೀಡುವ ವ್ಯವಸ್ಥೆ ಬೆಳೆಯಿತು.

ಡೊಮಿನಿಯನ್ನರು ಎಲ್ಲದರಲ್ಲಿಯೂ ಧರ್ಮಸಭೆಯ ಅಧಿಕೃತ ಬೋಧನೆಗೆ ಒಪ್ಪಿದವರಲ್ಲ. ಸಂತಾನನಿಯಂತ್ರಣವನ್ನು ಕುರಿತು ಜಗದ್ಗುರು ಆರನೆಯ ಪೌಲರು 1968ರಲ್ಲಿ ಹೊರಡಿಸಿದ ವಿಶ್ವಪತ್ರದ ವಿಷಯದಲ್ಲಿ ಅವರು ತಮ್ಮ ಭಿನ್ನಮತವನ್ನು ಬಹಿರಂಗವಾಗಿಯೇ ಹೇಳಿದರು. ದೇವಾಲಯದ ಸಂಚಿಕೆಯೆಂದು ಇದನ್ನು ಮರೆಮಾಚುವುದು ಚರಿತ್ರೆಗೆ ಸಲ್ಲದು. ಅವರು ಧರ್ಮಸಭೆಯನ್ನು ತೊರೆಯಲಿಲ್ಲವೆಂಬುದನ್ನೂ ಹೇಳಲೇಬೇಕು.

1983ರ ಹೊಸ ಕಾನೂನು ಸಂಹಿತೆಯ 1095ನೆಯ ವಿಧಿಯು, ಮಾನಸಿಕ ಕಾರಣಗಳಿಂದ ದಾಂಪತ್ಯದ ಮೂಲಭೂತ ಹೊಣೆಯನ್ನು ಹೊರಲಾರದವರ ವಿವಾಹವು ಅಸಿಂಧುವೆಂದು ಸ್ಪಷ್ಟಪಡಿಸಿತು. ಇದು ಯಾವನೊಬ್ಬನ ಸಾಧನೆಯಲ್ಲ. ಮನೋವೈದ್ಯರ ಮಾತಿಗೆ ಧರ್ಮಪ್ರಾಂತ್ಯದ ನ್ಯಾಯಪೀಠಗಳು ಕಿವಿಗೊಡತೊಡಗಿದ್ದರ ಫಲ.

ಡೊಮಿನಿಯನ್ನರು 2014ರ ಆಗಸ್ಟ್‌ನಲ್ಲಿ ನಿಧನರಾದರು. ಜಗದ್ಗುರು ಫ್ರಾನ್ಸಿಸರು ಕುಟುಂಬವನ್ನು ಕುರಿತು ಕರೆದ ಧರ್ಮಾಧ್ಯಕ್ಷರ ಸಭೆ ಆ ಅಕ್ಟೋಬರಿನಲ್ಲಿ ಸೇರಿತು. ಅದರ ಫಲವಾಗಿ 2016ರಲ್ಲಿ ಪ್ರಕಟವಾದ 'ಅಮೋರಿಸ್ ಲೆತಿತ್ಸಿಯ'ದಲ್ಲಿ, ವಿವಾಹದ ಮೊದಲ ವರ್ಷಗಳಲ್ಲಿ ದಂಪತಿಗಳ ಜೊತೆಗೂಡಿ ನಡೆಯುವುದನ್ನು ಕುರಿತೇ ಒಂದು ಭಾಗವಿದೆ.