ಬಿದಿರ ಗೆಣ್ಣಿನಿಂದ ವಂಶವಾಹಿಗೆ

ಸಂಸ್ಕೃತದಲ್ಲಿ ‘ವಂಶ’ ಎಂದರೆ ಮೊದಲು ಬಿದಿರು. ಋಗ್ವೇದದಲ್ಲಿ ಅದು ಎತ್ತಿ ನಿಲ್ಲಿಸುವ ಗಳ. ಯಜ್ಞಶಾಲೆಯ ‘ಪ್ರಾಗ್ವಂಶ’ದಲ್ಲಿ ಪೂರ್ವಕ್ಕೆ ಚಾಚಿದ ತೊಲೆ. ಬಿದಿರಿನ ಕೊಳಲು ‘ವಂಶಿ’ಯಾಯಿತು, ಬೆನ್ನುಮೂಳೆ ‘ಪೃಷ್ಠವಂಶ’ವಾಯಿತು. ಗ್ರಂಥಿಗೆ ಅಂಗಡಿಯ ‘ವಂಶಲೋಚನ’ವೂ ಬಿದಿರಿನೊಳಗೆ ಗಟ್ಟಿಯಾದ ಬಿಳಿಯ ಪದಾರ್ಥವೇ. ಗೆಣ್ಣಿನ ಮೇಲೆ ಗೆಣ್ಣು ಏರುವ ಆ ಗಳದ ಆಕಾರವೇ ತಲೆಮಾರುಗಳ ಸಾಲಿಗೂ ಹೆಸರು ಕೊಟ್ಟಿರಬೇಕು. ಬಿದಿರು ಎಂಬ ಸ್ವಂತ ಪದ ನಮಗಿದ್ದುದರಿಂದ ಕನ್ನಡದಲ್ಲಿ ಬೇರೂರಿದ್ದು ಕುಲದ ಅರ್ಥ. ಆದರೂ ‘ವಂಶದ ಕುಡಿ’ ಎನ್ನುವಾಗ ಹಳೆಯ ಗಿಡ ಮತ್ತೆ ಚಿಗುರುತ್ತದೆ.

ಆ ಸಾಲು ರಕ್ತಸಂಬಂಧದ್ದೇ ಆಗಬೇಕೆಂದೇನೂ ಇರಲಿಲ್ಲ. ಬೃಹದಾರಣ್ಯಕ ಉಪನಿಷತ್ತಿನ ‘ವಂಶ’ಗಳು ಗುರುಶಿಷ್ಯರ ಪಟ್ಟಿಗಳು. ಕೊನೆಯ ಪಟ್ಟಿಯಲ್ಲಂತೂ ಆಚಾರ್ಯರನ್ನು ತಾಯಂದಿರ ಹೆಸರಿನಿಂದ ಗುರುತಿಸಿದೆ: ಪೌತಿಮಾಷೀಪುತ್ರ, ಕಾತ್ಯಾಯನೀಪುತ್ರ, ಗೌತಮೀಪುತ್ರ. ಪಾಣಿನಿಯ ಸೂತ್ರಗಳಿಗೆ ಬರೆದ ಕಾಶಿಕಾವೃತ್ತಿಯೂ ವಂಶ ವಿದ್ಯೆಯಿಂದಲೂ ಬರುತ್ತದೆ, ಜನ್ಮದಿಂದಲೂ ಬರುತ್ತದೆ ಎನ್ನುತ್ತದೆ. ಇಷ್ಟು ಅಗಲವಿದ್ದ ಪದ ನಮ್ಮ ಮನೆಗಳಲ್ಲಿ ‘ವಂಶೋದ್ಧಾರಕ’ನ ಸುತ್ತ ಕುಗ್ಗಿಹೋಯಿತು. ಮಗ ಹುಟ್ಟದಿದ್ದರೆ ‘ವಂಶ ನಿಂತುಹೋಯಿತು’ ಎಂದು ಕೊರಗುವವರು ಇಂದಿಗೂ ಇದ್ದಾರೆ. ತುಳುನಾಡಿನ ಅಳಿಯಸಂತಾನ ಕಟ್ಟಿನವರು ಹಾಗೆ ಎಣಿಸಲಿಲ್ಲ. ಅಲ್ಲಿ ‘ಬರಿ’ ಎಂಬ ಕುಲದ ಗುರುತು ಬರುವುದು ತಾಯಿಯಿಂದ.

1909ರಲ್ಲಿ ಡೆನ್ಮಾರ್ಕಿನ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಯೊಹಾನ್ಸೆನ್, ಡಾರ್ವಿನ್ನರ ‘ಪ್ಯಾಂಜೆನೆಸಿಸ್’ನಿಂದ ಹುಟ್ಟಿದ್ದ ‘ಪ್ಯಾಂಜೀನ್’ ಪದದ ಬಾಲವನ್ನಷ್ಟೇ ಉಳಿಸಿಕೊಂಡು, ಗುಣಗಳನ್ನು ಪೀಳಿಗೆಯಿಂದ ಪೀಳಿಗೆಗೆ ಒಯ್ಯುವ ಅಂಶವನ್ನು ‘ಜೀನ್’ ಎಂದರು. ಅದರ ಗ್ರೀಕ್ ಮೂಲ ನಮ್ಮ ಜನಕ, ಜನನಿ, ಜಾತಿಗಳ ದೂರದ ನೆಂಟ. ಕನ್ನಡದಲ್ಲಿ ಅದು ‘ವಂಶವಾಹಿ’ಯಾಯಿತು.

ಹೆಸರು ಬರುವ ಮುಂಚೆಯೇ ವಾಹಿಯ ಕೆಲಸ ಬ್ರ್ನೋ ನಗರದ ಮಠದ ತೋಟದಲ್ಲಿ ಬಯಲಾಗಿತ್ತು. ಅಲ್ಲಿನ ಸನ್ಯಾಸಿ ಗ್ರೆಗೊರ್ ಮೆಂಡಲ್ ನೇರಳೆ ಹೂವಿನ ಬಟಾಣಿಗೆ ಬಿಳಿ ಹೂವಿನದನ್ನು ಅಡ್ಡಹಾಯಿಸಿದಾಗ ಮೊದಲ ಪೀಳಿಗೆಯೆಲ್ಲ ನೇರಳೆ. ಅದರ ಮುಂದಿನ ಪೀಳಿಗೆಯಲ್ಲಿ 705 ನೇರಳೆ, 224 ಬಿಳಿ. ಹೆಚ್ಚುಕಡಿಮೆ ಮೂರಕ್ಕೆ ಒಂದು. ಬಿಳಿ ಬಣ್ಣ ಒಂದು ತಲೆಮಾರು ಅಡಗಿ ಕೂತಿತ್ತು, ಅಷ್ಟೆ. ಇಂಥ ಗುಣಕ್ಕೆ ತಂದೆಯಿಂದ ಒಂದು, ತಾಯಿಯಿಂದ ಒಂದು ವಾಹಿ ಬರುತ್ತದೆ. ಪ್ರಬಲವಾದದ್ದು ಹೊರಗೆ ತೋರುತ್ತದೆ. ದುರ್ಬಲವಾದದ್ದು ತನ್ನಂಥದೇ ಜೋಡಿ ಸಿಗುವವರೆಗೆ ಕಾಯುತ್ತದೆ.

ಒಂದೇ ಗಳದಲ್ಲಿ ನೆಟ್ಟಗೆ ಏರುವ ಬಿದಿರಿನ ಚಿತ್ರ ಇಲ್ಲಿ ಸಾಲದು. ಮಲೆನಾಡಿನವರು ಮಳೆಗಾಲದಲ್ಲಿ ಮುರಿದು ತರುವ ಕಳಲೆ ನೆಲದಡಿಯ ಗೆಡ್ಡೆಯಿಂದ ಎದ್ದದ್ದು, ಮೆಳೆಯ ಪಡಿಯಚ್ಚು. ಬೆರಕೆಗೆ ಅವಕಾಶವಿರುವುದು ದಶಕಗಳಿಗೊಮ್ಮೆ ಮೆಳೆ ಹೂಬಿಟ್ಟು ಬಿದಿರಕ್ಕಿ ಕಟ್ಟುವಾಗ. ಮನುಷ್ಯರಲ್ಲಿ ಪ್ರತಿ ಬಸಿರಲ್ಲೂ ಬೆರಕೆಯೇ: 46 ವರ್ಣತಂತುಗಳಲ್ಲಿ 23 ತಾಯಿಯವು, 23 ತಂದೆಯವು. ಹೆಣ್ಣೋ ಗಂಡೋ ಎಂಬುದು ತಂದೆಯ ವೀರ್ಯಾಣು ತರುವ ವರ್ಣತಂತುವಿನ ಮೇಲೆ ನಿಂತಿದೆ. ಹೆಣ್ಣು ಹೆತ್ತಳೆಂದು ಸೊಸೆಯನ್ನು ಹಳಿಯುವುದು ಅನ್ಯಾಯ. ಇನ್ನು ಜೀವಕೋಶದ ಮೈಟೊಕಾಂಡ್ರಿಯದೊಳಗಿನ ಡಿಎನ್‌ಎ ಬರುವುದು ತಾಯಿಯಿಂದ. ಅದು ಮಗನಿಗೂ ಸಿಗುತ್ತದೆ, ಅವನ ಮಕ್ಕಳಿಗೆ ದಾಟುವುದಿಲ್ಲ. ಮುಂದಕ್ಕೆ ಒಯ್ಯುವವಳು ಮಗಳು. ತರಗತಿಯಲ್ಲಿ ‘ವಂಶವಾಹಿ’ ಕಲಿಸುವ ಮೇಷ್ಟ್ರು, ಮೇಡಂಗಳು ಈ ಸಂಗತಿಯನ್ನೂ ಮಕ್ಕಳಿಗೆ ಬಿಡಿಸಿ ಹೇಳಬೇಕು.